ಕೊಂಡಿ ಹಾಕುವ ಮುನ್ನ: ಕುರುಗೋಡು, ಸಿರುಗುಪ್ಪ ಶಾಸನಗಳ ಜಾಲರೂಪದ ಬಗ್ಗೆ ಒಂದು ತಕರಾರು

ಶಾಸನಪಾಠಗಳನ್ನು ಅಂತರ್ಜಾಲಕ್ಕೆ ಏರಿಸುವವರು ಈಚೆಗೆ ಹೆಚ್ಚಾಗಿದ್ದಾರೆ, ಸಂತೋಷ. ಆದರೆ ಪಾಠದ ಬಗ್ಗೆ ಇರುವ ಎಚ್ಚರ ಅದಕ್ಕೆ ಹಾಕುವ ಕೊಂಡಿಗಳ ಬಗ್ಗೆ ಇಲ್ಲ. ಅಕ್ಷರ ಸವೆದಿದ್ದರೆ ಚೌಕ ಕಂಸ ಹಾಕುತ್ತೇವೆ, ಸಂದೇಹವಿದ್ದರೆ ಪ್ರಶ್ನಾರ್ಥಕ ಚಿಹ್ನೆ ಇಡುತ್ತೇವೆ. ಅದೇ ಪಾಠದ ಒಂದು ಹೆಸರಿನ ಕೆಳಗೆ ನೀಲಿ ಗೆರೆ ಎಳೆದು ಇನ್ನೊಂದು ಪುಟಕ್ಕೆ ಕಳಿಸುವಾಗ ಮಾತ್ರ ಯಾವ ಸಂದೇಹವೂ ಬರೋದಿಲ್ಲ. "ಈ ವ್ಯಕ್ತಿ ಅವನೇ" ಅಂತ ಕೊಂಡಿ ಹೇಳುತ್ತದೆ. ಹೇಳಿದ ಮೇಲೆ ಅದಕ್ಕೆ ಆಧಾರ ಬೇಕಲ್ಲ?

ಕುರುಗೋಡಿನ ಸಿಂದರನ್ನೇ ತಗೊಳ್ಳಿ. ಹನ್ನೆರಡನೆಯ ಶತಮಾನದ ಇಲ್ಲಿನ ಶಾಸನಗಳಲ್ಲಿ ರಾಚಮಲ್ಲ ಎಂಬ ಹೆಸರು ಬರುತ್ತದೆ. ಆ ಹೆಸರಿಗೆ ಹುಡುಕಿ ಕೊಂಡಿ ಹಾಕಲು ಹೋದರೆ ಸುಲಭವಾಗಿ ಕೈಗೆ ಸಿಗುವವನು ಗಂಗರ ರಾಚಮಲ್ಲ. ಅವನು ಚಾವುಂಡರಾಯನ ಒಡೆಯ, ಹತ್ತನೆಯ ಶತಮಾನದವನು. ಒಂದು ಕ್ಲಿಕ್ಕಿನಲ್ಲಿ ಇನ್ನೂರು ವರ್ಷ ಆಚೀಚೆ! "ಸಿಂದರು" ಎಂಬ ಪದಕ್ಕೂ ಇದೇ ಪಾಡು. ಎರಂಬರಗೆಯ ಸಿಂದರು ಬೇರೆ, ಬೆಳಗುತ್ತಿಯವರು ಬೇರೆ, ಕುರುಗೋಡಿನವರು ಬೇರೆ. ಹೆಸರು ಕಂಡಲ್ಲೆಲ್ಲ ಯಂತ್ರದಿಂದ ಕೊಂಡಿ ಹಾಕಿಸುವ ಪದ್ಧತಿ ಶಾಸನಕ್ಕೆ ಒಗ್ಗುವುದಿಲ್ಲ.

ಇನ್ನು ಸಿರುಗುಪ್ಪ ಕಡೆಯ ನಿಟ್ಟೂರು, ಉಡೇಗೋಳಂ. ಇಲ್ಲಿನ ಅಶೋಕನ ಕಿರು ಬಂಡೆಶಾಸನಗಳಿಗೆ ಮಸ್ಕಿಯ ಕೊಂಡಿ ಕೊಡುವುದು ಸಹಜ. ಮೂರರಲ್ಲೂ ಅಶೋಕನ ಹೆಸರೇ ಇದೆ. ಆದರೆ ಮಸ್ಕಿಯಲ್ಲಿರುವುದು ಮೊದಲನೆಯ ಶಾಸನ ಮಾತ್ರ. ನಿಟ್ಟೂರು, ಉಡೇಗೋಳಂಗಳಲ್ಲಿ ಬ್ರಹ್ಮಗಿರಿಯಂತೆ ಎರಡನೆಯದೂ ಇದೆ. ಪುಟದಿಂದ ಪುಟಕ್ಕೆ "ಇದೇ ಶಾಸನ" ಎಂದು ಕೊಂಡಿ ಹಾಕಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಪ್ರತಿ ಸಾಲಿಗೂ ಒಂದು ಗುರುತು ಕೊಟ್ಟು ಸಾಲಿನಿಂದ ಸಾಲಿಗೆ ಕೊಂಡಿ ಹಾಕಬೇಕು. ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ಎಚ್‌ಟಿಎಂಎಲ್‌ನಲ್ಲಿ ಸಾಲಿಗೊಂದು ಐಡಿ ಕೊಟ್ಟರೆ ಮುಗೀತು.

ಆಕರದ ಕೊಂಡಿಯ ಕತೆ ಬೇರೆ. ಬಳ್ಳಾರಿ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಹಾಗಾಗಿ ರೈಸರ 'ಎಪಿಗ್ರಾಫಿಯಾ ಕರ್ನಾಟಿಕ'ದಲ್ಲಿ ಈ ಸೀಮೆ ಬರಲಿಲ್ಲ. ಇಲ್ಲಿನ ಶಾಸನಗಳಿಗೆ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೆಯ ಸಂಪುಟವೇ ಮುಖ್ಯ ಆಕರ. "ಮೂಲಕ್ಕೆ ಇಲ್ಲಿ ಒತ್ತಿ" ಎಂದು ಬರೆದು ಆ ಇಡೀ ಸಂಪುಟದ ಪಿಡಿಎಫ್ ತೆರೆಸುವುದು ಆಕರ ಕೊಟ್ಟಂತಲ್ಲ. ಮೊಬೈಲಿನಲ್ಲಿ ಓದುವ ವಿದ್ಯಾರ್ಥಿ ಅಷ್ಟು ದಪ್ಪ ಕಡತವನ್ನು ಇಳಿಸಿಕೊಂಡು ಎಲ್ಲಿ ಹುಡುಕಬೇಕು? ಪಿಡಿಎಫ್‌ನ ನಿರ್ದಿಷ್ಟ ಪುಟಕ್ಕೇ ಕೊಂಡಿ ಕೊಡಬಹುದು. ಮುನ್ನುಡಿಯ ಪುಟಗಳೂ ಲೆಕ್ಕಕ್ಕೆ ಬರುವುದರಿಂದ ಕಡತದ ಪುಟಸಂಖ್ಯೆಗೂ ಅಚ್ಚಾದ ಪುಟಸಂಖ್ಯೆಗೂ ತಾಳೆಯಾಗದು, ಪರೀಕ್ಷಿಸಿಯೇ ಹಾಕಬೇಕು. ಸಂಪುಟ, ಶಾಸನಸಂಖ್ಯೆ, ಪುಟ ಇವು ಅಕ್ಷರದಲ್ಲೂ ಇರಲಿ. ನಾಳೆ ಕೊಂಡಿ ಸತ್ತರೂ ಆಕರ ಉಳಿಯುತ್ತದೆ.

ಕೊಂಡಿ ಸಾಯಲು ನಮ್ಮಲ್ಲಿ ಕಾರಣಗಳೂ ಜಾಸ್ತಿ. 2014ರಲ್ಲಿ ಅಧಿಕೃತ ಇಂಗ್ಲಿಷ್ ಕಾಗುಣಿತದಲ್ಲಿ 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಆಯಿತು. ಬಳ್ಳಾರಿ ತಾಲೂಕಿನಲ್ಲಿದ್ದ ಕುರುಗೋಡು ತಾನೇ ತಾಲೂಕಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಜಿಲ್ಲೆ, ತಾಲೂಕುಗಳ ಹೆಸರಿನ ಮೇಲೆ ಪುಟದ ವಿಳಾಸ ಕಟ್ಟಿದವರು ಪ್ರತಿಸಲವೂ ಅದನ್ನು ಬದಲಿಸಬೇಕು, ಇಲ್ಲವೇ ತಪ್ಪು ಹೆಸರು ಹೊತ್ತುಕೊಂಡಿರಬೇಕು. ಹಾಗಂತ ವಿಳಾಸವನ್ನು ಕನ್ನಡ ಲಿಪಿಯಲ್ಲೇ ಇಟ್ಟರೆ ಇನ್ನೊಂದು ಪೇಚು: ನಕಲು ಮಾಡಿ ಕಳಿಸುವಾಗ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. "ಕುರುಗೋಡು" ಎಂಬ ಒಂದೇ ಪದ 72 ಚಿಹ್ನೆಗಳಾದೀತು! ವಿಳಾಸಕ್ಕೆ ಸಂಪುಟ ಮತ್ತು ಶಾಸನಸಂಖ್ಯೆ ಸಾಕು. ಊರು, ತಾಲೂಕು ಪುಟದೊಳಗಿರಲಿ.

ನಕ್ಷೆಯ ಕೊಂಡಿಗೆ ಹೆಚ್ಚಿನ ಜವಾಬ್ದಾರಿ ಬೇಕು. ಕಲ್ಲು ಮೊದಲು ವರದಿಯಾದ ಜಾಗ, ಈಗಿರುವ ಜಾಗ ಎರಡೂ ಒಂದೇ ಆಗಿರಬೇಕೆಂದಿಲ್ಲ. ಗುರುತು ಯಾವುದರದೆಂದು ಬರೆಯಬೇಕು. ಹೊಲದ ಬದುವಿನಲ್ಲಿ ಕಾವಲಿಲ್ಲದೆ ನಿಂತ ಕಲ್ಲಿಗೆ ಕರಾರುವಾಕ್ಕಾದ ನಕ್ಷೆ ಕೊಟ್ಟರೆ ನಿಧಿಗಳ್ಳರಿಗೂ ದಾರಿ ತೋರಿಸಿದಂತೆ. ಅಂಥಲ್ಲಿ ಊರಿನ ಹೆಸರು ಸಾಕು. ಅಧ್ಯಯನಕ್ಕೆ ಬೇಕಾದವರು ಬರೆದು ಕೇಳಲಿ ಎಂದು ಮೇಲ್ ಕೊಂಡಿ ಇಡಿ. ಪಾಠದ ತಿದ್ದುಪಡಿಗೂ ಅದೇ ಬಾಗಿಲು.

ಒಟ್ಟಿನಲ್ಲಿ ಕೇಳುವುದು ಇಷ್ಟೇ: "ಇಲ್ಲಿ ಒತ್ತಿ" ಬಿಡಿ. ಮುದ್ರಿತ ಪಾಠ, ಕಲ್ಲಿನ ಚಿತ್ರ, ಸಮಾನ ಪಾಠ, ಬರೀ ಹೋಲಿಕೆ - ಯಾವ ಬಗೆಯ ಕೊಂಡಿ ಅನ್ನೋದನ್ನು ಕೊಂಡಿಯ ಪದಗಳಲ್ಲೇ ಹೇಳಿ. ಖಚಿತವಿಲ್ಲದಿದ್ದರೆ ಅಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಇರಲಿ.