ಮತ 'ದಾನ'ವಲ್ಲ

1973ರಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ಗದ್ದಲವಾಯಿತು, ಮಂತ್ರಿ ಪದವಿ ಹೋಯಿತು. ದನದ ಕೊಟ್ಟಿಗೆಯ ಮಾತೊಂದನ್ನು ತಂದು ಕಾವ್ಯದ ಮುಂದೆ ಇಟ್ಟದ್ದು ದಲಿತ ವಿಮರ್ಶೆಯ ಮೊದಲ ದೊಡ್ಡ ಏಟು ಎಂದೇ ನಾನು ತಿಳಿದಿದ್ದೇನೆ. ಅಲ್ಲಿಂದ ಇಲ್ಲೀತನಕ ಪಂಪನಿಂದ ನವ್ಯದವರೆಗೆ ಎಲ್ಲರನ್ನೂ ನಾವು ಜಗ್ಗಾಡಿ ಓದಿದ್ದೇವೆ. ಆದರೆ ಸರ್ಕಾರ, ಪತ್ರಿಕೆ, ಪಠ್ಯಪುಸ್ತಕಗಳು ಸೇರಿ ನಮಗಾಗಿ ಕಟ್ಟಿದ ಕನ್ನಡವನ್ನು ಹಾಗೆ ಓದಿಲ್ಲ. ಈ ಟಿಪ್ಪಣಿ ಅಂಥ ಒಂದೇ ಒಂದು ಶಬ್ದದ ಬಗ್ಗೆ: ಮತದಾನ.

ನಾನು ಕುಂದಗೋಳ ತಾಲೂಕಿನ ಕುಬಿಹಾಳದವನು. ನಮ್ಮ ಓಣಿಯಲ್ಲಿ ಯಾರೂ 'ಮತದಾನ ಮಾಡಿ ಬಂದ್ವಿ' ಅನ್ನುವುದಿಲ್ಲ. 'ವೋಟ್ ಹಾಕಿ ಬಂದ್ವಿ' ಅಂತಾರೆ. ಬೀಜ ಹಾಕಿದ ಹಾಗೆ, ಸಹಿ ಹಾಕಿದ ಹಾಗೆ. ಹಾಕಿದವನಿಗೆ ಬೆಳೆ ನೋಡುವ, ಲೆಕ್ಕ ಕೇಳುವ ಹಕ್ಕಿರುತ್ತದೆ. ದಾನ ಮಾಡಿದವನಿಗೆ ಅದಿಲ್ಲ. ಕೊಟ್ಟದ್ದನ್ನು ಮರಳಿ ಕೇಳಿದರೆ ಪಾಪ. ಕನ್ಯಾದಾನ ಅನ್ನುವ ಮಾತಿನಲ್ಲಿ ಹೆಣ್ಣಿಗೆ ಏನಾಯಿತೋ ಮತದಾನ ಅನ್ನುವ ಮಾತಿನಲ್ಲಿ ವೋಟಿಗೂ ಅದೇ ಆಗಿದೆ: ಧಾರೆ ಎರೆದ ಮೇಲೆ ನಮ್ಮದಲ್ಲ.

ದಾನ ಎಂದರೆ ಬರೀ ಕೊಡುವುದು, ಇದರಲ್ಲಿ ಇಷ್ಟೇನು ಹುಡುಕುತ್ತೀರಿ ಎಂದು ಪಂಡಿತರು ಕೇಳಬಹುದು. ಶರಣರು ದಾನ ಅನ್ನುವುದನ್ನು ಬದಿಗಿಟ್ಟು ದಾಸೋಹ ಅಂದರು ಎಂದು ಪುಟಗಟ್ಟಲೆ ಬರೆದವರೂ ಅವರೇ. ಆ ಎಚ್ಚರ ವೋಟಿನ ಮುಂದೆ ಎಲ್ಲಿ ಹೋಯಿತು?

ದಾನ ಅನ್ನುವುದರ ರುಚಿ ನಮಗೆ ಹೊಸದಲ್ಲ. ಮಿಣಿ, ಬಾರುಕೋಲು, ಚಪ್ಪಲಿ ಮಾಡಿಕೊಟ್ಟ ಮಾದರಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ ಸಲ್ಲಬೇಕಿತ್ತು. ಅದು ವರ್ಷದ ದುಡಿಮೆಯ ಬೆಲೆ. ಕೊಡುವವರ ಬಾಯಲ್ಲಿ ಮಾತ್ರ ಅದು ಎಷ್ಟೋ ಸಲ ಧರ್ಮ ಮಾಡಿದ್ದಾಗುತ್ತಿತ್ತು. ಆ ಕಣದಲ್ಲಿ ನಮಗೆ ಸಲ್ಲಬೇಕಾದದ್ದು ಅವರ ದಾನ. ಚುನಾವಣೆಯ ಕಣದಲ್ಲಿ ನಮ್ಮ ಹಕ್ಕು ನಮ್ಮ ದಾನ. ಎರಡೂ ಕಡೆ ಅಳಿಸಿಹೋಗಿದ್ದು ಒಂದೇ: ಲೆಕ್ಕ.

1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೂ ಈ ದಾನದ ಬುದ್ಧಿ ಹೋಗಿಲ್ಲ. ಕುಬಿಹಾಳದ ವೋಟು ಸೇರುವ ಕುಂದಗೋಳ ವಿಧಾನಸಭೆ, ಧಾರವಾಡ ಲೋಕಸಭೆ ಎರಡೂ ಸಾಮಾನ್ಯ ಕ್ಷೇತ್ರಗಳು. ಮೀಸಲು ಅನ್ನುವುದು ನಮ್ಮಂಥ ಊರಿಗೆ ಕಾಣುವುದು ಪಂಚಾಯತಿಯಲ್ಲಿ. ಅಲ್ಲಿ ದಲಿತನೊಬ್ಬ ಅಧ್ಯಕ್ಷನಾದರೆ 'ಈ ಸಲ ನಿಮಗ ಬಿಟ್ಟುಕೊಟ್ಟೀವಿ' ಅನ್ನುವ ಮಾತು ನಮ್ಮ ಕಡೆಯ ಹಳ್ಳಿಗಳಲ್ಲಿ ಹೊಸದಲ್ಲ. ಬಿಟ್ಟುಕೊಟ್ಟವರು ಯಾರು? ಕೊಟ್ಟದ್ದು ಸಂವಿಧಾನ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುವ ಗಾದೆಯಂತೆ, ಆ ಅಧ್ಯಕ್ಷ ಕಡತ ಬಿಚ್ಚಿ ನೋಡಬಾರದು, ಸಹಿ ಮಾಡಬೇಕು ಅಷ್ಟೇ.

ಬರೀ ಶಬ್ದಕ್ಕೆ ಇಷ್ಟು ಬಲವಿದೆಯೇ ಅನ್ನುವವರು ಅಮೆರಿಕದ ದಕ್ಷಿಣ ರಾಜ್ಯಗಳನ್ನು ನೋಡಬೇಕು. ಬಣ್ಣದ ಕಾರಣಕ್ಕೆ ವೋಟು ನಿರಾಕರಿಸಕೂಡದು ಎಂದು ಅಲ್ಲಿನ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಹೇಳಿತು. ಆದರೆ ಅಲ್ಲಿ ಮತದಾರರ ಪಟ್ಟಿಗೆ ಹೆಸರು ಬರೆಸಲು ತಾನೇ ಕಚೇರಿಗೆ ಹೋಗಬೇಕಿತ್ತು. ಹೋದ ಕರಿಯರಿಗೆ ಓದು ಬರಹದ ಪರೀಕ್ಷೆ, ತಲೆಗಂದಾಯ. ವೋಟು ಹಕ್ಕಲ್ಲ, ಯೋಗ್ಯರಿಗೆ ಬಿಳಿಯರು ಕೊಡುವ ಪ್ರಸಾದ ಅನ್ನುವ ಹಾಗೆ. 1962ರಲ್ಲಿ ಮಿಸಿಸಿಪ್ಪಿಯ ಹತ್ತಿ ಹೊಲದ ಕೂಲಿ ಫ್ಯಾನಿ ಲೂ ಹೇಮರ್ ಹೆಸರು ಬರೆಸಲು ಹೋದಳು. ಹದಿನೆಂಟು ವರ್ಷ ದುಡಿದ ತೋಟದಿಂದ ಆಕೆಯನ್ನು ಅಂದೇ ಹೊರಹಾಕಿದರು. ಹತ್ತಿ ಹೊಲದ ಕೂಲಿ ನಿಂತರೆ ಏನಾಗುತ್ತದೆಂದು ಎರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1965ರ ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಮೆರವಣಿಗೆಯವರು ಲಾಠಿ ತಿಂದರು. ಆ ಆಗಸ್ಟ್‌ನಲ್ಲಿ ಬಂದ ಕಾಯ್ದೆಗೆ 'ವೋಟಿಂಗ್ ರೈಟ್ಸ್' ಎಂದೇ ಹೆಸರು. 95 ವರ್ಷ ಅವರು ಬಡಿದಾಡಿದ್ದು ಹಕ್ಕು ಅನ್ನುವ ಆ ಮಾತಿಗಾಗಿ. ಅಲ್ಲಿ ವೋಟಿಗೆ ದುಡ್ಡು ಕಿತ್ತುಕೊಂಡರು, ಇಲ್ಲಿ ಹಿಂದಿನ ರಾತ್ರಿ ದುಡ್ಡು ಹಂಚುತ್ತಾರೆ. ವೋಟು ದುಡ್ಡಿದ್ದವರ ಸೊತ್ತು ಅನ್ನುವ ನಂಬಿಕೆ ಮಾತ್ರ ಎರಡೂ ಕಡೆ ಒಂದೇ.

ನಮಗೇನು, 1950ರಲ್ಲಿ ಪುಕ್ಕಟೆ ಸಿಕ್ಕಿತು ಅನ್ನುವವರಿದ್ದಾರೆ. ಆಸ್ತಿ, ಕಂದಾಯ ಇದ್ದವರಿಗಷ್ಟೇ ವೋಟು ಇದ್ದ ಕಾಲದಲ್ಲಿ, 1919ರಲ್ಲೇ ಅಂಬೇಡ್ಕರರು ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಮತಾಧಿಕಾರಕ್ಕಾಗಿ ವಾದಿಸಿದರು. 1928ರಲ್ಲಿ ಸೈಮನ್ ಕಮಿಷನ್ ಮುಂದೆ ವಯಸ್ಕರೆಲ್ಲರಿಗೂ ವೋಟು ಬೇಕೆಂದರು. ಸಂವಿಧಾನದ 326ನೇ ವಿಧಿಯ ಹಿಂದೆ ಇಂಥ ಹಲವು ದಶಕಗಳ ಹಟವಿದೆ. ಪುಕ್ಕಟೆ ಎಲ್ಲಿ ಬಂತು?

ಈ ನಿಘಂಟಿನಲ್ಲಿ ನನಗೆ ಒಪ್ಪಿಗೆಯಾಗುವ ಶಬ್ದವೂ ಒಂದಿದೆ: ಮತಗಟ್ಟೆ. ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಹಿರಿಯರು ಕೂತು ನ್ಯಾಯ ಹೇಳುವ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತವರು ನಾವು. ನಾವು ಸರದಿಯಲ್ಲಿ ನಿಂತು ಹತ್ತಿದ ಮೊದಲ ಕಟ್ಟೆ ಇದು. ಅಲ್ಲಿ ಅಧಿಕಾರಿ ಪ್ರತಿಯೊಬ್ಬರ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಲೇಬೇಕು. 1962ರಿಂದ ಆ ಶಾಯಿ ಮಾಡುತ್ತ ಬಂದದ್ದು ಮೈಸೂರಿನ ಪೇಂಟ್ಸ್ ಕಾರ್ಖಾನೆ. ಗೌಡರ ಬೆರಳಿಗೂ ನಮ್ಮವ್ವನ ಬೆರಳಿಗೂ ಬಾಟಲಿ ಒಂದೇ. ಕೆಳಗೆ ಇಳಿದರೆ ಮತ್ತೆ ಹಳೆಯ ಊರೇ. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂದು 1949ರ ನವೆಂಬರ್ 25ರಂದು ಅಂಬೇಡ್ಕರರು ಎಚ್ಚರಿಸಿದ್ದು ಈ ಕಟ್ಟೆ ಇಳಿಯುವ ಮೆಟ್ಟಿಲಿನ ಬಗ್ಗೆಯೇ.

ನಮ್ಮ ಕತೆ, ಕವಿತೆಗಳ ಮೇಲೂ ನನ್ನ ತಕರಾರಿದೆ. ಅಲ್ಲಿ ಚುನಾವಣೆ ಬಂದಾಗ ಮೊದಲು ಕಾಣುವುದು ಸೆರೆ ಕುಡಿದು ಬಿದ್ದ ಕೇರಿಯ ಮನುಷ್ಯ. ವೋಟು ಮಾರಿಕೊಂಡವನ ಬಗ್ಗೆ ವ್ಯಂಗ್ಯ, ಕೊಂಡವನ ಬಗ್ಗೆ ಮೌನ. ಬಂಡಾಯದ ಬರಹವೂ ಈ ರೂಢಿಗೆ ಬಿದ್ದದ್ದುಂಟು. ಮಾಸಿದ ಸೀರೆಯ ಸೆರಗಿಗೆ ಚೀಟಿ ಕಟ್ಟಿಕೊಂಡು, ಅರ್ಧ ದಿನದ ಕೂಲಿ ಬಿಟ್ಟು ಬಿಸಿಲಲ್ಲಿ ನಿಂತ ಹೆಂಗಸು ಎಷ್ಟು ಕತೆಗಳಲ್ಲಿದ್ದಾಳೆ? ಆಕೆ ಒಳಗೆ ಹೋಗಿ ಏನು ಯೋಚಿಸಿದಳು ಎಂದು ಬರೆದವರು ಎಷ್ಟು ಜನ?

ಮೇಷ್ಟ್ರಾದ ಗೆಳೆಯರು ಪಾಠದಲ್ಲಿ, ಕಾರ್ಯಕರ್ತರು ಕರಪತ್ರದಲ್ಲಿ ಈ 'ದಾನ'ವನ್ನು ಕಿತ್ತುಹಾಕಲಿ. ಮತಾಧಿಕಾರ ಇದೆ, ಮತ ಚಲಾವಣೆ ಇದೆ, ಎಲ್ಲಕ್ಕಿಂತ ಚಲೋ ನಮ್ಮ ಓಣಿಯ 'ವೋಟ್ ಹಾಕೋದು' ಇದೆ. ಶಬ್ದ ಬದಲಾದ ಮಾತ್ರಕ್ಕೆ ಊರು ಬದಲಾಗೂದಿಲ್ಲ, ನಿಜ. ಆದರೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾಯ್ದೆಯಿದೆ. ದಾನ ಮಾಡಿದೆವು ಎಂದುಕೊಂಡವರು ಆ ದಿನ ಮನೆಯಲ್ಲಿರುತ್ತಾರೆ. ಹಾಕಿದವರು ಹೋಗಿ, ಎದ್ದುನಿಂತು, 'ಲೆಕ್ಕ ತೋರಸ್ರಿ' ಅಂತಾರೆ.