ಶಾಸನಾರ್ಥದಲ್ಲಿ ದೇಶವಿಚಾರ

ಒಂದು ಶಬ್ದಕ್ಕೆ ಅನೇಕಾರ್ಥಗಳು ಸಂಭವಿಸುವಲ್ಲಿ ಪ್ರಕೃತಾರ್ಥವನ್ನು ನಿರ್ಣಯಿಸುವ ಸಾಧನಗಳನ್ನು ಭರ್ತೃಹರಿಯು ವಾಕ್ಯಪದೀಯದಲ್ಲಿ ಎಣಿಸಿದ್ದಾನೆ. ಪ್ರಕರಣ, ಲಿಂಗ, ಔಚಿತ್ಯ, ಕಾಲ ಮುಂತಾದವುಗಳೊಡನೆ ದೇಶವೂ ಅಲ್ಲಿ ಪರಿಗಣಿತವಾಗಿದೆ. ಆಲಂಕಾರಿಕರೂ ಇದನ್ನು ಅಂಗೀಕರಿಸಿದರು. ಪಾಠಶಾಲೆಗಳಲ್ಲಿ ಈ ಪಟ್ಟಿಯನ್ನು ಕಂಠಪಾಠ ಮಾಡಿಸುವುದುಂಟು. ಆದರೆ ಶಾಸನಗಳನ್ನೂ ಶಿಲ್ಪಗಳನ್ನೂ ವ್ಯಾಖ್ಯಾನಿಸುವಾಗ ದೇಶವನ್ನು ಮರೆಯುವುದೇ ವಾಡಿಕೆಯಾಗಿದೆ. ಸಂಪುಟದಲ್ಲಿ ಗ್ರಾಮದ ಹೆಸರು, ತಾಲ್ಲೂಕು, ಕಲ್ಲಿನ ಅಳತೆ ಇಷ್ಟನ್ನು ಅಚ್ಚುಹಾಕಿದರೆ ದೇಶನಿರ್ದೇಶವು ಮುಗಿಯಿತೆಂದು ಭಾವಿಸಲಾಗುತ್ತದೆ. ಇದೆಷ್ಟು ಅಸಮಗ್ರವೆಂಬುದು ಆ ಕಲ್ಲಿನವರೆಗೆ ನಡೆದು ಹೋದವನಿಗೇ ಗೋಚರವಾಗತಕ್ಕದ್ದು.

ಚಿಂಚೋಳಿಯಿಂದ ನೈರುತ್ಯಕ್ಕೆ ಸೇಡಂ, ಮಳಖೇಡ, ಚಿತ್ತಾಪುರ, ವಾಡಿಗಳ ಮೇಲೆ ಭೀಮಾತೀರದ ಸನ್ನತಿಯವರೆಗಿನ ದಾರಿಯು ಈ ವಿಚಾರಕ್ಕೆ ಒಳ್ಳೆಯ ಉದಾಹರಣೆಯಾಗಿದೆ. ಮಳಖೇಡವೇ ನೃಪತುಂಗನ ಮಾನ್ಯಖೇಟ. ಕವಿರಾಜಮಾರ್ಗವನ್ನು ಬೋಧಿಸುವವರಲ್ಲಿ ಕಾಗಿಣೆಯ ದಡದ ಆ ಕೋಟೆಯನ್ನು ಹೊಕ್ಕವರು ವಿರಳ. ಹೊಕ್ಕರೂ ರಾಷ್ಟ್ರಕೂಟ ವೈಭವವನ್ನು ಕಣ್ಣಾರೆ ಕಾಣಲು ಬಯಸಿದವನಿಗೆ ಆಶಾಭಂಗವಾದೀತು. 972ರಲ್ಲಿ ಪರಮಾರ ಸೀಯಕನ ದಂಡು ಆ ರಾಜಧಾನಿಯನ್ನು ಸೂರೆಗೊಂಡಿತು.

ಚಿತ್ತಾಪುರದ ಹೊರವಲಯದ ನಾಗಾವಿಯ ಸಂಗತಿ ಬೇರೆ. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, 1058ರ ಶಾಸನವು ಅಲ್ಲಿದ್ದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದಾಧ್ಯಾಯಿಗಳು ಇನ್ನೂರು ಮಂದಿ, ಅವರಲ್ಲದೆ ಶಾಸ್ತ್ರಾಧ್ಯಾಯಿಗಳು, ಭಾಟ್ಟ ಪ್ರಾಭಾಕರ ನ್ಯಾಸಗಳನ್ನು ಹೇಳಿಕೊಡುವ ಉಪಾಧ್ಯಾಯರು, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರು. ಈ ಲೆಕ್ಕವನ್ನು ವಿದ್ವಾಂಸರೆಲ್ಲ ಉದ್ಧರಿಸುತ್ತಾರೆ. ಊರಿನವರಾದರೋ ಅಲ್ಲಿನ ಕಟ್ಟಡವನ್ನು 'ಅರವತ್ತು ಕಂಬದ ಗುಡಿ' ಎಂದು ಕರೆಯುತ್ತಾರೆ. ಪಂಡಿತರು ಶಿಷ್ಯರನ್ನು ಎಣಿಸಿದರು, ಜನರು ಕಂಬಗಳನ್ನು ಎಣಿಸಿದರು. ಎರಡನ್ನೂ ಕೂಡಿಸಿ ನೋಡಿದವರು ಕಡಮೆ. ಪಾಠ ನಡೆಯುತ್ತಿದ್ದ ನೆರಳು ಯಾವುದು, ಪುಸ್ತಕಗಳಿಗೆ ಮಳೆಯಿಂದ ರಕ್ಷಣೆ ಹೇಗೆ ಎಂಬ ಪ್ರಶ್ನೆಗಳು ಅಕ್ಷರದಿಂದ ಹುಟ್ಟುವುದಿಲ್ಲ, ಆ ಕಂಬಗಳ ನಡುವೆ ನಿಂತಾಗ ಹುಟ್ಟುತ್ತವೆ. ನಾಗಾವಿ ಯಲ್ಲಮ್ಮನ ಜಾತ್ರೆಗೆ ಬರುವ ಜನಸಂದಣಿಗೆ ಘಟಿಕಾಸ್ಥಾನದ ವಿಷಯವನ್ನು ಎರಡು ಮಾತಿನಲ್ಲಿ ತಿಳಿಸಬಲ್ಲ ಕನ್ನಡ ಉಪಾಧ್ಯಾಯರು ಅಲ್ಲಿದ್ದರೆ ಅದು ಸಣ್ಣ ಸೇವೆಯಾಗದು.

ಸೇಡಂನಿಂದ ಮುಂದೆ ಕಾಲಡಿಯಲ್ಲಿ ಸಿಕ್ಕುವುದು ಸುಣ್ಣಕಲ್ಲಿನ ಪದರಗಳು. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಇದೇ. ಭೀಮಾತೀರದ ಬೌದ್ಧ ಶಿಲ್ಪಿಗಳು ಚಿತ್ರಗಳನ್ನು ಕಡೆದುದೂ ಈ ಸೀಮೆಯ ಸುಣ್ಣಕಲ್ಲಿನಲ್ಲಿಯೇ. ಪಾದ ತುಳಿಯುವ ಕಲ್ಲಿಗೂ ಪೂಜೆಗೊಂಡ ಕಲ್ಲಿಗೂ ಕುಲ ಒಂದೇ ಎಂಬುದನ್ನು ಬಲ್ಲವನಿಗೆ ಸನ್ನತಿಯ ವೃತ್ತಾಂತವು ಸುಲಭವಾಗಿ ತಿಳಿದೀತು.

1954ರಲ್ಲಿ ಕಪಟರಾಳ ಕೃಷ್ಣರಾಯರು ಸನ್ನತಿಯ ಬೌದ್ಧಾವಶೇಷಗಳತ್ತ ವಿದ್ವಲ್ಲೋಕದ ಗಮನವನ್ನು ಸೆಳೆದರು. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠವಾಗಿದ್ದ ಚಪ್ಪಡಿಯ ಎರಡು ಮುಖಗಳಲ್ಲಿಯೂ ಅಶೋಕನ ಲಿಪಿ ಕಾಣಿಸಿತು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗಗಳಲ್ಲದೆ, ಅದುವರೆಗೆ ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದವು. ವಿಗ್ರಹವನ್ನು ಕೂರಿಸಲು ಕಲ್ಲಿನಲ್ಲಿ ಕೊರೆದ ರಂಧ್ರದಿಂದ ಕೆಲವು ಅಕ್ಷರಗಳು ನಷ್ಟವಾಗಿವೆ.

ಈ ರಂಧ್ರವನ್ನು ಕುರಿತು ವ್ಯಸನಪಡುವುದು ಸಹಜ. ಲುಪ್ತಾಕ್ಷರಗಳನ್ನು ಕಳಿಂಗದ ಪಾಠಗಳ ಸಹಾಯದಿಂದ ತುಂಬಿಕೊಳ್ಳುವುದೂ ಯುಕ್ತವೇ. ಆದರೆ ಅಜ್ಞಾನಿಗಳು ಶಾಸನವನ್ನು ಕೆಡಿಸಿದರೆಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಡುವುದು ವಿಮರ್ಶೆಯಲ್ಲ. ಆ ಉಳಿಯೇ ಕಲ್ಲನ್ನು ಪೀಠವಾಗಿಸಿತು, ಪೀಠವಾದುದರಿಂದಲೇ ಅದು ಹೊಲದ ಕಟ್ಟೆಗೋ ಬಾವಿಯ ಮೆಟ್ಟಿಲಿಗೋ ಹೋಗದೆ ಉಳಿಯಿತು. ಇನ್ನೊಂದು ಸ್ವಾರಸ್ಯವಿದೆ. ಹನ್ನೆರಡನೆಯ ಶಾಸನವು ಪರಮತಗಳನ್ನು ಗೌರವಿಸಬೇಕೆಂದು ವಿಧಿಸುವಂಥದು. ಅದು ಅನ್ಯಮತದ ದೇವಿಯನ್ನು ಹೊತ್ತು ನಿಂತಿತ್ತು. ಕೂರಿಸಿದವರಿಗೆ ಆ ಲಿಪಿ ತಿಳಿದಿತ್ತೆಂದು ಹೇಳಲು ಆಧಾರವಿಲ್ಲ. ಆದರೂ ದೇಶದಿಂದ ಅರ್ಥವು ವಿಶೇಷಿತವಾಗುವುದಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ದುರ್ಲಭ. ಚಪ್ಪಡಿಯನ್ನು ಕೇವಲ ಧೌಲಿಯ ಪಾಠಾಂತರವೆಂದು ಓದಿದರೆ ಈ ಅರ್ಥವು ಕೈತಪ್ಪುತ್ತದೆ.

ಸಮೀಪದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಮಹಾಸ್ತೂಪವೂ ಅದರ ಚಿತ್ರಫಲಕಗಳೂ ಹೊರಬಂದವು. ರಾಣಿ ಪರಿವಾರಗಳೊಡನೆ ನಿಂತ ರಾಜನ ಫಲಕದಲ್ಲಿ ಅವನು ಅಶೋಕನೆಂದು ಬ್ರಾಹ್ಮೀಲಿಪಿಯ ಪ್ರಾಕೃತದಲ್ಲಿ ಬರೆದಿದೆ. ಶಾತವಾಹನ ಅರಸರ ಫಲಕಗಳಿಗೂ ಹೀಗೆಯೇ ಹೆಸರುಗಳಿವೆ. ಹೆಸರಿಲ್ಲದಿದ್ದರೆ ಈ ಅರಸನನ್ನು ಯಾರೆಂದು ನಿಶ್ಚಯಿಸುತ್ತಿದ್ದರು? ಅಶೋಕನು ಗತಿಸಿ ತಲೆಮಾರುಗಳು ಕಳೆದ ಮೇಲೆ ಕಡೆದ ಈ ಮುಖವನ್ನು ಯಥಾರ್ಥ ಪ್ರತಿಕೃತಿಯೆಂದು ಹೊಗಳುವುದು ಸಾಹಸ. ಅದರ ಬೆಲೆ ಬೇರೆಡೆಯಲ್ಲಿದೆ: ಸ್ತೂಪವನ್ನು ಪ್ರದಕ್ಷಿಣೆ ಮಾಡುವವನು ನಡೆಯುತ್ತ ನೋಡಲೆಂದು ಚಿತ್ರ, ನಿಂತು ಓದಲೆಂದು ಅಕ್ಷರ. ಫಲಕವೊಂದನ್ನೇ ಕಿತ್ತು ಛಾಯಾಚಿತ್ರದಲ್ಲಿ ನೋಡುವವನಿಗೆ ಹಿಂದಿನ ಮುಂದಿನ ಫಲಕಗಳ ಸನ್ನಿಧಿಯೇ ಇಲ್ಲ. ಸನ್ನಿಧಿಯಿಲ್ಲದ ಪದಗಳಿಂದ ವಾಕ್ಯಾರ್ಥಬೋಧೆಯಾಗದೆಂಬುದು ತರ್ಕಪಾಠದ ಬಾಲಕನೂ ಬಲ್ಲ ವಿಷಯ. ಆದುದರಿಂದ ಫಲಕಗಳನ್ನು ದೂರದ ಸಂಗ್ರಹಾಲಯಗಳಿಗೆ ಹಂಚುವುದಕ್ಕಿಂತ ಸ್ತೂಪದ ಸುತ್ತಲೇ ಕ್ರಮವಾಗಿ ನಿಲ್ಲಿಸುವುದು ಸಾಧು. ಇನ್ನು ಮುಂದೆ ಪ್ರಕಟವಾಗುವ ಶಾಸನಸಂಪುಟಗಳಲ್ಲಾದರೂ ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ, ನೆರೆಯಲ್ಲಿ ಏನಿದೆ, ಊರವರು ಅದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಎಣ್ಣೆ ಕುಂಕುಮಗಳು ಸಲ್ಲುತ್ತವೆಯೇ ಎಂಬುದನ್ನು ಮೂಲಪಾಠದ ಜೊತೆಯಲ್ಲಿಯೇ ಅಚ್ಚುಮಾಡಬೇಕು.