ನೆಗ್ಗಿಲು, ಹಿರೇಮದ್ದು, ನಸುಗುನ್ನಿ: ಗಂಡಸರ ಮದ್ದಿಗೆ ಎಷ್ಟು ಆಧಾರ?

ಹಡಗಲಿ, ಹರಪನಹಳ್ಳಿ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ನೆಲಕ್ಕಂಟಿ ಹಬ್ಬುವ ಹಳದಿ ಹೂವಿನ ಕಳೆ ನೆಗ್ಗಿಲು. ಬರಿಗಾಲಿಗೆ ಚುಚ್ಚುವ ಅದರ ಮುಳ್ಳುಕಾಯಿ ಒಣಗಿದರೆ ಗ್ರಂಥಿಗೆ ಅಂಗಡಿಯ ಸರಕು. ಅದಕ್ಕೆ ಹಿರೇಮದ್ದಿನ (ಅಶ್ವಗಂಧ) ಬೇರು, ನಸುಗುನ್ನಿ ಬೀಜ ಕೂಡಿದರೆ ಗಂಡಸ್ತನದ ಹೆಸರಿನಲ್ಲಿ ಮಾರುವ ಅನೇಕ ಚೂರ್ಣ, ಲೇಹ್ಯಗಳ ತಿರುಳು ಸಿದ್ಧ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಾಜೀಕರಣಕ್ಕೆ (ಗಂಡಸ್ತನ ಹೆಚ್ಚಿಸುವ ಚಿಕಿತ್ಸೆಗೆ) ಒಂದು ಇಡೀ ಅಧ್ಯಾಯವೇ ಇದೆ. ಇಷ್ಟು ಹಳೆಯ ಬಳಕೆ ಪರೀಕ್ಷೆಗೆ ಒಳ್ಳೆಯ ಕಾರಣ, ಅದೇ ಪುರಾವೆಯಲ್ಲ.

ಮೂರರಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಹಿರೇಮದ್ದು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೀರ್ಯಾಣು ಕಡಿಮೆಯಿದ್ದ 46 ಗಂಡಸರಿದ್ದರು. 21 ಜನರಿಗೆ ದಿನಕ್ಕೆ 675 ಮಿಲಿಗ್ರಾಂ ಬೇರಿನ ಸಾರ, ಉಳಿದವರಿಗೆ ಹುಸಿಗುಳಿಗೆ. 90 ದಿನಗಳಲ್ಲಿ ಸಾರ ಪಡೆದವರ ವೀರ್ಯಾಣು ಮಿಲಿಲೀಟರಿಗೆ ಸುಮಾರು 96 ಲಕ್ಷದಿಂದ 2.56 ಕೋಟಿಗೆ ಏರಿತು. ಭರವಸೆಯ ಫಲಿತಾಂಶ ನಿಜ, ಆದರೆ 21 ಜನ ತೀರಾ ಕಡಿಮೆ. ಅದೇ ಬೇರನ್ನು ಜಾಮನಗರದ ಗುಜರಾತ್ ಆಯುರ್ವೇದ ವಿಶ್ವವಿದ್ಯಾಲಯದವರು ಮಾನಸಿಕ ಕಾರಣದ ನಿಮಿರು ದೌರ್ಬಲ್ಯಕ್ಕೆ ಕೊಟ್ಟು ನೋಡಿದರು. ಚಿಕಿತ್ಸೆ ಪೂರ್ಣಗೊಳಿಸಿದ 86 ಜನರಲ್ಲಿ ಅದು ಹುಸಿಗುಳಿಗೆಯನ್ನು ಮೀರಲಿಲ್ಲ. ಆಯುರ್ವೇದದ ಮನೆಯವರೇ 2011ರಲ್ಲಿ ಮುಚ್ಚಿಡದೆ ಪ್ರಕಟಿಸಿದ ಈ ಸೋಲು ಎಷ್ಟೋ ಗೆಲುವಿನ ವರದಿಗಳಿಗಿಂತ ಬೆಲೆಯುಳ್ಳದ್ದು. ವೀರ್ಯಾಣು ಹೆಚ್ಚುವುದು ಬೇರೆ, ನಿಮಿರುವಿಕೆ ಸುಧಾರಿಸುವುದು ಬೇರೆ. ಡಬ್ಬಿಯ ಮೇಲಿನ 'ಶಕ್ತಿ' ಎರಡನ್ನೂ ಒಂದಾಗಿಸಿ ಕೊಳ್ಳುವವನನ್ನು ದಾರಿತಪ್ಪಿಸುತ್ತದೆ.

ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ. ದೇಹದಲ್ಲಿ ಅದು ಡೋಪಮೈನ್ ಆಗುತ್ತದೆ. ಲಖನೌದಲ್ಲಿ ಮೂರು ತಿಂಗಳು ದಿನಕ್ಕೆ 5 ಗ್ರಾಂ ಪುಡಿ ಕೊಟ್ಟಾಗ ವೀರ್ಯದ ಗುಣಮಟ್ಟ ಸುಧಾರಿಸಿತು. ಹುಸಿಮದ್ದಿನ ಗುಂಪಿಲ್ಲದ ಕಾರಣ ಶ್ರೇಯ ಪೂರ್ತಿ ಬೀಜಕ್ಕೇ ಸಲ್ಲುವುದಿಲ್ಲ. ಎಲ್-ಡೋಪಾ ಪಾರ್ಕಿನ್ಸನ್ ಕಾಯಿಲೆಯ ಔಷಧಿಯೂ ಆದ್ದರಿಂದ, ಆ ಔಷಧಿಯಲ್ಲಿರುವವರು ಈ ಬೀಜವನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು.

ನೆಗ್ಗಿಲಿನ ಫಲಿತಾಂಶಗಳು ಒಂದಕ್ಕೊಂದು ಎದುರು. ಬಲ್ಗೇರಿಯಾದಲ್ಲಿ 180 ಜನರ ಮೇಲೆ 12 ವಾರ ನಡೆದ ಪರೀಕ್ಷೆ ಲಾಭ ತೋರಿಸಿತು. ಬ್ರೆಜಿಲ್‌ನಲ್ಲಿ 30 ದಿನದ ಚಿಕ್ಕ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಪ್ರಮಾಣವೂ ಅವಧಿಯೂ ಬೇರೆಬೇರೆಯಾದ್ದರಿಂದ ತೀರ್ಪು ಬಾಕಿಯಿದೆ.

ಗಂಟೆಯೊಳಗೆ ಪರಿಣಾಮ ತೋರುವ ಪುಡಿಯನ್ನು ಮಾತ್ರ ನಂಬಲೇಬಾರದು. ಇಂಥವುಗಳಲ್ಲಿ ನಿಮಿರು ದೌರ್ಬಲ್ಯದ ಆಧುನಿಕ ಔಷಧಿಯಾದ ಸಿಲ್ಡೆನಾಫಿಲ್ ಬೆರೆಸಿರುವುದು ಹಲವು ದೇಶಗಳ ತಪಾಸಣೆಯಲ್ಲಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಿನ್ನುವವರಿಗೆ ಅದು ಸೇರಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು. ಲೈಂಗಿಕ ಶಕ್ತಿ ಹೆಚ್ಚಿಸುವುದಾಗಿ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಗೋಡೆಬರಹಗಳು ನಿಂತಿಲ್ಲ. ನಿಮಿರು ದೌರ್ಬಲ್ಯ ಎಷ್ಟೋ ಸಲ ಸಕ್ಕರೆ ಕಾಯಿಲೆಯ ಅಥವಾ ಹೃದ್ರೋಗದ ಮುನ್ಸೂಚನೆ: ಶಿಶ್ನದ ರಕ್ತನಾಳಗಳು ಹೃದಯದವಕ್ಕಿಂತ ಸಣ್ಣವಾದ್ದರಿಂದ ತೊಂದರೆ ಅಲ್ಲಿ ವರ್ಷಗಳ ಮೊದಲೇ ಕಾಣಿಸಿಕೊಳ್ಳಬಹುದು.